ಬೇಲಿ ಇಲ್ಲದ ಗುಡ್ಡದ ಮೇಲೆ ಒಂದು ಆಟ

ಕಳೆದ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಎರೆಮಣ್ಣಿನ ತೊಗರಿ ಹೊಲಗಳ ಬಯಲು ಹಿಂದಾಗಿ, ರಸ್ತೆ ಮೆಲ್ಲಗೆ ಏರತೊಡಗಿ, ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಅದೇ ಕಮಲಾಪುರದ ಸೀಮೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. 2018ರಿಂದ ತಾಲ್ಲೂಕು ಕೇಂದ್ರ. ನಮ್ಮ ಹಳ್ಳಿ ಅಲ್ಲಿಂದ ಇನ್ನೂ ನಾಲ್ಕು ಮೈಲಿ ಒಳಗೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಉಂಡ ಮೇಲೆ ಮನೆಯವರೆಲ್ಲ ಬೇವಿನ ನೆರಳಿಗೆ ಒರಗಿದರು. ನಾನು ಕಾರಿನಲ್ಲಿದ್ದ ಕಬ್ಬಿಣದ ತಲೆಯ ಕೋಲೊಂದನ್ನೂ ನಾಲ್ಕು ಬಿಳಿಯ ಚೆಂಡುಗಳನ್ನೂ ಎತ್ತಿಕೊಂಡು ಹೊಲದ ಹಿಂದಿನ ಗುಡ್ಡ ಹತ್ತಿದೆ.

ಗುಡ್ಡದ ಮೇಲೆ ಆಡು ಮೇಯಿಸುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಸುತ್ತ ನೆರೆದರು. ಮೊದಲ ಹೊಡೆತ ತಪ್ಪಿ ಮಣ್ಣು ಹಾರಿತು. ಎರಡನೆಯದು ತಗುಲಿ ಚೆಂಡು ಎದುರಿನ ದಿಬ್ಬವನ್ನು ದಾಟಿತು. ‘ಇದು ಯಾವ ಆಟರೀ ಮುತ್ಯಾ?’ ಎಂದ ಒಬ್ಬ. ‘ಗಾಲ್ಫ್’ ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ‘ಚಿಣಿಫಣಿ ಇದ್ದಂಗ ಅದ. ಚಿಣಿ ಅಷ್ಟೇ ಗುಂಡಗ ಅದ’ ಎಂದು ತಾನೇ ತೀರ್ಮಾನ ಕೊಟ್ಟ. ಅವನ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಕೋಲಿನಿಂದ ಒಂದು ವಸ್ತುವನ್ನು ದೂರಕ್ಕೆ ಹೊಡೆಯುವುದು, ಬಿದ್ದಲ್ಲಿಗೆ ನಡೆಯುವುದು, ಅಲ್ಲಿಂದ ಮತ್ತೆ ಹೊಡೆಯುವುದು. ಗಾಲ್ಫ್ ಎಂದರೆ ಇಷ್ಟೇ. ಉಳಿದದ್ದೆಲ್ಲ ಅದರ ಮೇಲೆ ಹೊದಿಸಿದ ಬಟ್ಟೆ.

ಆ ಬಟ್ಟೆಯನ್ನೇ ನಾವು ಆಟವೆಂದು ತಿಳಿದಿದ್ದೇವೆ. ನಿವೃತ್ತ ಕಾಲೇಜು ಮೇಷ್ಟರೊಬ್ಬ ಗಾಲ್ಫ್ ಆಡುತ್ತಾನೆಂದರೆ ಕಲಬುರಗಿಯ ನನ್ನ ಗೆಳೆಯರು ಇಂದಿಗೂ ನಗುತ್ತಾರೆ. ಅವರ ಕಣ್ಣಿಗೆ ಕಟ್ಟುವುದು ಹಸಿರು ರತ್ನಗಂಬಳಿಯಂಥ ಹುಲ್ಲು, ಬಿಳಿಯ ಟೊಪ್ಪಿ, ಚೀಲ ಹೊತ್ತು ಹಿಂದೆ ಬರುವ ಆಳು ಮತ್ತು ಎತ್ತರದ ಗೋಡೆಯ ಹಿಂದಿನ ಕ್ಲಬ್ಬು. ನನ್ನ ಕಲ್ಪನೆಯೂ 62ನೇ ವಯಸ್ಸಿನವರೆಗೆ ಅದೇ ಆಗಿತ್ತು. ಅದನ್ನು ಬದಲಿಸಿದ್ದು ದೂರದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಒಂದು ಗುಡ್ಡ. ಆ ಗುಡ್ಡದ ಮೇಲೆ ಆಡುವಾಗ ನನಗೆ ಪದೇ ಪದೇ ನೆನಪಾದದ್ದು ನಮ್ಮೂರಿನ ಈ ಗುಡ್ಡ. ಇವೆರಡರ ನಡುವಿನ ಸಂಬಂಧವನ್ನು ಹೇಳುವುದಕ್ಕಾಗಿಯೇ ಈ ಬರಹ.

2018ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಮಕ್ಕಳ ಮನೆಗೆ ಆರು ತಿಂಗಳ ವೀಸಾದ ಮೇಲೆ ಹೋಗುವ ನಮ್ಮಂಥ ಹಿರಿಯರ ಕಷ್ಟ ಓದುಗರಲ್ಲಿ ಅನೇಕರಿಗೆ ಗೊತ್ತು. ಮೊದಲ ತಿಂಗಳು ಎಲ್ಲವೂ ಬೆರಗು. ಎರಡನೆಯ ತಿಂಗಳು ಎಲ್ಲವೂ ಬೇಸರ. ಮಗಳು ಅಳಿಯ ಕೆಲಸಕ್ಕೆ ಹೊರಟರೆ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ. ನನ್ನ ಅವಸ್ಥೆ ಕಂಡು ಅಳಿಯ ಒಂದು ಶನಿವಾರ, ‘ಮಾಮಾ, ಬರ್ರಿ, ಗುಡ್ಡ ಹತ್ತೋಣ’ ಎಂದು ಕರೆದೊಯ್ದರು. ಗೋಲ್ಡನ್ ಗೇಟ್ ಪಾರ್ಕ್ ಎಂಬ ದೊಡ್ಡ ಉದ್ಯಾನದೊಳಗೆ ಒಂಬತ್ತು ಕುಳಿಗಳ ಚಿಕ್ಕ ಗಾಲ್ಫ್ ಮೈದಾನವಿದೆ. ಕೆಲವು ವಾರ ಅಲ್ಲಿ ಕೋಲು ಹಿಡಿಯುವುದನ್ನು ಕಲಿತೆ. ಬಳಿಕ ನಗರದ ವಾಯವ್ಯ ಮೂಲೆಯ ಲಿಂಕನ್ ಪಾರ್ಕ್‌ಗೆ ಬಡ್ತಿ ಸಿಕ್ಕಿತು.

ಲಿಂಕನ್ ಪಾರ್ಕ್ ಸಮುದ್ರದ ಮೇಲೆ ಬಾಗಿದ ಗುಡ್ಡ. ಅದರ ನೆತ್ತಿಯಲ್ಲಿ 1924ರಲ್ಲಿ ತೆರೆದ ಲೀಜನ್ ಆಫ್ ಆನರ್ ಎಂಬ ಕಲಾ ವಸ್ತುಸಂಗ್ರಹಾಲಯ. ಅದರ ಸುತ್ತ ಸೈಪ್ರೆಸ್ ಮರಗಳ ನಡುವೆ ಏರಿಳಿಯುವ 18 ಕುಳಿಗಳ ಮೈದಾನ. ಕುಳಿಯೆಂದರೆ ಚೆಂಡು ಕೊನೆಗೆ ಸೇರಬೇಕಾದ ಬಿಲ. ಅದರ ಸುತ್ತಲಿನ ನುಣ್ಣನೆಯ ಹುಲ್ಲು ‘ಗ್ರೀನ್’. ಅಲ್ಲಿಗೆ ಹೋಗುವ ಹಾದಿ ‘ಫೇರ್‌ವೇ’. ಪಳಗಿದವನು ಎಲ್ಲ ಕುಳಿಗಳನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕಕ್ಕೆ ‘ಪಾರ್’ ಎನ್ನುತ್ತಾರೆ. ಲಿಂಕನ್ ಪಾರ್ಕಿನ ಪಾರ್ 68. ಒಡೆಯ ಯಾರೆಂದು ಕೇಳಿದೆ. ನಗರಸಭೆ ಎಂದರು. ನಮ್ಮ ಕಡೆ ನಗರಸಭೆಯೆಂದರೆ ನಲ್ಲಿ, ಚರಂಡಿ, ಮನೆಗಂದಾಯ. ನಗರಸಭೆಯೊಂದು ಗಾಲ್ಫ್ ಮೈದಾನವನ್ನು ಇಟ್ಟುಕೊಂಡು ಬಂದವರೆಲ್ಲರಿಗೂ ಚೀಟಿ ಹರಿದುಕೊಡುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿ ಸದಸ್ಯತ್ವದ ಗೊಡವೆಯಿಲ್ಲ. ಶಿಫಾರಸು ಪತ್ರ ಬೇಡ. ಊರಿನವರಿಗೆ ಕಡಿಮೆ ದರ, ಹೊರಗಿನವರಿಗೆ ಹೆಚ್ಚು, ಅಷ್ಟೇ ಭೇದ. ಒಂಟಿಯಾಗಿ ಹೋದರೆ ಅಪರಿಚಿತರ ಗುಂಪಿಗೆ ಸೇರಿಸುತ್ತಾರೆ. ಅಳಿಯನಿಗೆ ಬಿಡುವಿಲ್ಲದ ಒಂದು ದಿನ ಹೀಗೆ ನನ್ನನ್ನು ಮೂವರ ಜತೆಗೆ ಕೂಡಿಸಿದರು: ನಗರ ಸಾರಿಗೆಯ ಬಸ್ಸು ಓಡಿಸಿ ನಿವೃತ್ತರಾದ ಕಪ್ಪು ವರ್ಣೀಯ ಹಿರಿಯರೊಬ್ಬರು, ಹೋಟೆಲಿನ ಅಡುಗೆಯವನಾದ ಚೀನೀ ಮೂಲದ ಯುವಕ, ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದ್ದ ಒಬ್ಬ ಶಾಲಾ ಶಿಕ್ಷಕಿ. ನಾನು ನಾಲ್ಕನೆಯವನು. ಕೋಲುಗಳ ಚೀಲವನ್ನು ಯಾರೂ ಯಾರಿಂದಲೂ ಹೊರಿಸಲಿಲ್ಲ. ಎರಡು ಗಾಲಿಯ ಕೈಗಾಡಿಯಲ್ಲಿ ಅವರವರ ಚೀಲ ಅವರವರೇ ಎಳೆದರು.

ಗುಡ್ಡದ ಮೇಲಿನ ಗಾಲ್ಫ್ ಬಯಲಿನ ಗಾಲ್ಫ್ ಅಲ್ಲ. ಬಯಲಿನಲ್ಲಿ ಆಟಗಾರ ತನ್ನ ಕೈಯನ್ನು ಮಾತ್ರ ತಿದ್ದಿಕೊಂಡರೆ ಸಾಕು. ಗುಡ್ಡದಲ್ಲಿ ಕಾಲು ಮೊದಲು ಕಲಿಯಬೇಕು. ಏರಿಗೆ ಹೊಡೆದ ಚೆಂಡು ಮೇಲಕ್ಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಇಳಿಜಾರಿಗೆ ಹೊಡೆದದ್ದು ತಗ್ಗಾಗಿ ಹಾರಿ ಬೇಡವೆಂದರೂ ಮುಂದೆ ಉರುಳುತ್ತದೆ. ಬಲಗೈ ಆಟಗಾರನ ಪಾದಕ್ಕಿಂತ ಚೆಂಡು ಎತ್ತರದಲ್ಲಿದ್ದರೆ ಎಡಕ್ಕೆ ವಾಲುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಹೆಗಲನ್ನು ಇಳಿಜಾರಿಗೆ ಸಮನಾಗಿ ಬಾಗಿಸದೆ ನೆಟ್ಟಗೆ ನಿಂತು ಬೀಸಿದರೆ ಕೋಲು ಮಣ್ಣನ್ನು ಅಗೆಯುತ್ತದೆ. ಇದನ್ನು ಆ ಬಸ್ಸಿನ ಹಿರಿಯರು ಎರಡೇ ಮಾತಿನಲ್ಲಿ ಹೇಳಿದರು: ‘ಗುಡ್ಡದ ಜತೆ ಜಗಳ ಆಡಬೇಡಿ. ಅದು ಹೇಗೆ ನಿಂತಿದೆಯೋ ಹಾಗೆ ನಿಲ್ಲಿ.’ ಆಡು ಕಾಯುತ್ತ ಗುಡ್ಡದಲ್ಲೇ ಬೆಳೆದವನಿಗೆ ಅದು ಹೊಸ ಪಾಠವಲ್ಲ. ಐವತ್ತು ವರ್ಷ ಮರೆತಿದ್ದ ಪಾಠ. ನನ್ನ ಕಾಲುಗಳು ಅದನ್ನು ನನಗಿಂತ ಮೊದಲೇ ಗುರುತಿಸಿದವು.

ಜುಲೈ ತಿಂಗಳಾದರೂ ಮೈ ನಡುಗಿಸುವ ಮಂಜು ಸಮುದ್ರದಿಂದ ಎದ್ದು ಬರುತ್ತಿತ್ತು. ಒಂಬತ್ತು ಕುಳಿ ಮುಗಿಯುವಷ್ಟರಲ್ಲಿ ನನ್ನ ಹೊಡೆತಗಳು ಎಂಬತ್ತು ದಾಟಿದ್ದವು. ಅಂದರೆ 18 ಕುಳಿಗೆ ಆಗಬೇಕಾದ್ದು ಅರ್ಧದಲ್ಲೇ ಮುಗಿದಿತ್ತು. ಅಲ್ಲಿಗೆ ಲೆಕ್ಕ ಬಿಟ್ಟೆ. ಹದಿನೇಳನೆಯ ಕುಳಿಗೆ ಬಂದಾಗ ಮಂಜು ಹರಿದು, ಎಡಗಡೆಯ ಮರಗಳ ಆಚೆ ಕೊಲ್ಲಿಯ ಮೇಲೆ ಗೋಲ್ಡನ್ ಗೇಟ್ ಸೇತುವೆ ಪೂರ್ತಿಯಾಗಿ ಕಂಡಿತು. ಸುಮಾರು 240 ಗಜದ ಕುಳಿ ಅದು; ಮೂರು ಹೊಡೆತಗಳಲ್ಲಿ ಮುಗಿಸಬೇಕಂತೆ. ನಾಲ್ವರೂ ಆಟ ಮರೆತು ನಿಂತೆವು. ಬಸ್ಸಿನ ಹಿರಿಯರು ನಕ್ಕು ಹೇಳಿದರು: ‘ಈ ನೋಟಕ್ಕಾಗಿ ಕೋಟ್ಯಧೀಶರು ಮನೆ ಕಟ್ಟಿಸುತ್ತಾರೆ. ನನಗೆ ಇದು ನನ್ನ ಊರಿನ ಹಿತ್ತಿಲು.’ ಆ ಮಾತಿನಲ್ಲಿ ಬಡಾಯಿ ಇರಲಿಲ್ಲ. ಇದು ನನ್ನದು ಎನ್ನುವಾಗ ಮನುಷ್ಯನ ಧ್ವನಿಗೆ ಬರುವ ನೆಮ್ಮದಿ ಇತ್ತು. ಕಲಬುರಗಿಯ ಯಾವ ಜಾಗವನ್ನು ತೋರಿಸಿ ನಾನು ಅದೇ ಧ್ವನಿಯಲ್ಲಿ ಹಾಗೆ ಹೇಳಬಲ್ಲೆ ಎಂದು ಅಂದು ರಾತ್ರಿ ಯೋಚಿಸಿದೆ.

ಆದರೆ ಆ ಹಿತ್ತಿಲಿನ ಮಣ್ಣಿಗೆ ಬೇರೊಂದು ಚರಿತ್ರೆಯೂ ಇದೆ. ಮೈದಾನದ ನಡುವೆ ಚೀನೀ ಶೈಲಿಯ ಕಲ್ಲಿನ ಕಮಾನೊಂದು ಒಂಟಿಯಾಗಿ ನಿಂತಿದೆ. ಅಡುಗೆಯ ಯುವಕ ಅದರ ಬಳಿ ಒಂದು ಕ್ಷಣ ತಲೆಬಾಗಿ ಮುಂದೆ ನಡೆದ. 19ನೇ ಶತಮಾನದಲ್ಲಿ ಆ ಗುಡ್ಡ ನಗರದ ಸ್ಮಶಾನವಾಗಿತ್ತು. ಬಡವರು, ವಲಸಿಗರು, ನಾವಿಕರು, ಚೀನೀಯರು ಅಲ್ಲಿ ಮಣ್ಣಾದರು. ಆ ಶತಮಾನ ಮುಗಿಯುವ ವೇಳೆಗೆ ಹೂಳುವುದನ್ನು ನಿಲ್ಲಿಸಿ, 1909ರಲ್ಲಿ ಅದನ್ನು ಉದ್ಯಾನವೆಂದು ಘೋಷಿಸಿದರು. ಗೋರಿಗಳು ಹೋದವು, ಮೂಳೆಗಳು ಬಹುಪಾಲು ಅಲ್ಲೇ ಉಳಿದವು. 1990ರ ದಶಕದಲ್ಲಿ ವಸ್ತುಸಂಗ್ರಹಾಲಯವನ್ನು ನವೀಕರಿಸಲು ಅಗೆದಾಗ ನೂರಾರು ಅಸ್ಥಿಗಳು ಸಿಕ್ಕವು. ಬಡವರ ಭೂಮಿಯ ಉಪಯೋಗವನ್ನು ಬದಲಿಸುವುದು ಎಲ್ಲ ಕಡೆಯೂ ಎಷ್ಟು ಸುಲಭ ಎಂಬುದಕ್ಕೆ ಆ ಕಮಾನು ಸಾಕ್ಷಿ.

‘ಸಾರ್ವಜನಿಕ’ ಎಂಬ ಮಾತೂ ಅಲ್ಲಿ ಸುಮ್ಮನೆ ದಕ್ಕಿದ್ದಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 1951ರಲ್ಲಿ ಹೋಮ್ಸ್ ಎಂಬ ಕಪ್ಪು ವರ್ಣೀಯ ಕುಟುಂಬದವರು ನಗರಸಭೆಯ ಗಾಲ್ಫ್ ಮೈದಾನಕ್ಕೆ ಆಡಲು ಹೋದರು. ಅವರು ಕಟ್ಟುವ ತೆರಿಗೆ ಆ ಮೈದಾನಕ್ಕೆ ಬೇಕಾಗಿತ್ತು, ಅವರು ಬೇಕಾಗಿರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1955ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ವೃತ್ತಿಪರ ಗಾಲ್ಫರುಗಳ ಸಂಘವು ಬಿಳಿಯರಿಗಷ್ಟೇ ಸದಸ್ಯತ್ವವೆಂಬ ನಿಯಮವನ್ನು ತೆಗೆದುಹಾಕಿದ್ದು 1961ರಲ್ಲಿ. ನಮಗೆ ಇದು ಪರದೇಶದ ಕಥೆಯಾಗಿ ಕೇಳಬೇಕಿಲ್ಲ. 1927ರ ಮಾರ್ಚ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದೂ ಇದೇ ಪ್ರಶ್ನೆಯನ್ನು ಕೇಳಿ: ಎಲ್ಲರ ಹೆಸರಿನಲ್ಲಿರುವ ಆಸ್ತಿಯೊಳಗೆ ಎಲ್ಲರೂ ಕಾಲಿಡಬಹುದೇ? ನೀರು ಜೀವದ ಪ್ರಶ್ನೆ, ಆಟ ಬಿಡುವಿನ ಪ್ರಶ್ನೆ, ನಿಜ. ಆದರೆ ಬಿಡುವಿನ ಹಕ್ಕನ್ನು ಕೆಲವರಿಗಷ್ಟೇ ಮೀಸಲಿಡುವ ಸಮಾಜ ಜೀವದ ಹಕ್ಕನ್ನು ಎಲ್ಲರಿಗೂ ಹಂಚುತ್ತದೆ ಎಂಬ ಭರವಸೆ ನನಗಿಲ್ಲ.

ಈ ಆಟ ಹುಟ್ಟಿದ ಬಗೆಯನ್ನು ಓದಿದಾಗ ನನಗೆ ಇನ್ನೊಂದು ಅಚ್ಚರಿ ಕಾದಿತ್ತು. ಸ್ಕಾಟ್ಲೆಂಡಿನ ಸಮುದ್ರ ತೀರದಲ್ಲಿ ಮರಳು ದಿಬ್ಬಗಳ ಒಂದು ಪಟ್ಟಿ ಇರುತ್ತದೆ. ಬೇಸಾಯಕ್ಕೆ ಬಾರದ ನೆಲ; ಕುರಿ ಮೇಯುವ, ಬಟ್ಟೆ ಒಣಹಾಕುವ, ಮೊಲ ಹಿಡಿಯುವ ಜಾಗ. ಅದಕ್ಕೆ ‘ಲಿಂಕ್ಸ್’ ಎನ್ನುತ್ತಾರೆ. ಇದನ್ನು ಓದುತ್ತಿದ್ದಂತೆ ನನ್ನ ಬಾಯಿಗೆ ಬಂದ ಪದ ‘ಗಾಯರಾಣ’. ಹಳೆಯ ಮೈಸೂರಿನವರು ಗೋಮಾಳ ಎನ್ನುವುದಕ್ಕೆ ನಮ್ಮ ಕಡೆ ಗಾಯರಾಣ ಎನ್ನುತ್ತೇವೆ. ಗಾಲ್ಫಿನ ತವರೆನಿಸಿದ ಸೇಂಟ್ ಆಂಡ್ರೂಸ್ ಮೈದಾನ ಮೂಲತಃ ಒಂದು ಗಾಯರಾಣ. ಚೆಂಡನ್ನು ನುಂಗುವ ಮರಳುಗುಂಡಿಗಳು, ಅಂದರೆ ಇಂದಿನ ‘ಬಂಕರ್’ಗಳು, ಗಾಳಿಗೆ ಮರೆಯಾಗಿ ಕುರಿಗಳು ಮಲಗಿ ಮಲಗಿ ಆದ ತಗ್ಗುಗಳು ಎನ್ನುವವರಿದ್ದಾರೆ. ದಂತಕಥೆಯಾದರೂ ಕುರುಬನಿಗೆ ಸಲ್ಲಬೇಕಾದ ಗೌರವ ಅದರಲ್ಲಿದೆ.

ಆ ಗಾಯರಾಣ ಉಳಿದದ್ದು ಹೇಗೆ? ಕಾಗದದಿಂದ. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಕೊಟ್ಟ ಸನ್ನದು, ಆ ನೆಲದ ಮೇಲೆ ಗಾಲ್ಫ್ ಮತ್ತಿತರ ಆಟಗಳನ್ನು ಆಡುವ ಊರ ಜನರ ಹಕ್ಕನ್ನು ಬರಹದಲ್ಲಿ ಒಪ್ಪಿಕೊಂಡಿತು. 18ನೇ ಶತಮಾನದ ಕೊನೆಯಲ್ಲಿ ಸಾಲಕ್ಕೆ ಸಿಕ್ಕ ಪಟ್ಟಣಾಡಳಿತವು ಆ ನೆಲವನ್ನು ಕೈಬಿಟ್ಟಾಗ ಅದು ಮೊಲ ಸಾಕುವ ವ್ಯಾಪಾರಿಗಳ ವಶವಾಯಿತು. ಆಟಗಾರರಿಗೂ ಮೊಲದವರಿಗೂ ವರ್ಷಗಟ್ಟಲೆ ಜಗಳ, ವ್ಯಾಜ್ಯ. 1894ರಲ್ಲಿ ಸಂಸತ್ತಿನ ಕಾಯ್ದೆಯ ಬಲದಿಂದ ಪಟ್ಟಣವು ಅದನ್ನು ಮತ್ತೆ ತನ್ನದಾಗಿಸಿಕೊಂಡಿತು. 1974ರಿಂದ ಒಂದು ಸಾರ್ವಜನಿಕ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ. ಅಂದು ಊರ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅದರ ಮೇಲೆ ಅಡ್ಡಾಡುತ್ತಾರೆ.

ನಮ್ಮ ದೇಶಕ್ಕೆ ಆಟ ಬಂದಾಗ ಈ ಅರ್ಧ ಮಾತ್ರ ಹಡಗು ಹತ್ತಲಿಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ಬುಗಳು ಹುಟ್ಟಿದವು. ಆಳುವವರು ತಮಗಾಗಿ ಕಟ್ಟಿಕೊಂಡ ಬೇಲಿಗಳವು. ಆಳುವವರು ಹೋದರು, ಬೇಲಿ ಉಳಿಯಿತು. ಊರಿನ ಬಡ ಹುಡುಗರಿಗೆ ಆ ಬೇಲಿಯೊಳಗೆ ಇದ್ದ ಪ್ರವೇಶ ಒಂದೇ, ಚೀಲ ಹೊರುವ ಕ್ಯಾಡಿಯಾಗಿ. ಹಾಗೆ ಒಳಗೆ ಹೋದವರೇ ಒಮ್ಮೊಮ್ಮೆ ಆಟವನ್ನು ಒಡೆಯರಿಂದ ಗೆದ್ದುಕೊಂಡರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಇನ್ನು ಅದಿತಿ ಅಶೋಕ್. ಐದು ವರ್ಷದ ಹುಡುಗಿ ತಂದೆತಾಯಿಯರೊಂದಿಗೆ ಬೆಂಗಳೂರಿನ ಹೋಟೆಲೊಂದರಲ್ಲಿ ತಿಂಡಿಗೆ ಕುಳಿತಾಗ ಪಕ್ಕದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸ ಮೈದಾನ ಕಣ್ಣಿಗೆ ಬಿತ್ತು. ಮನೆಯಲ್ಲಿ ಯಾರೂ ಆಡುವವರಿರಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಕೆ ನಾಲ್ಕನೆಯವರಾದರು. ಆಟ ಮೊದಲು ಕಣ್ಣಿಗೆ ಬೀಳಬೇಕು, ಬಳಿಕ ಬಾಗಿಲು ತೆರೆಯಬೇಕು. ಎಷ್ಟು ಅದಿತಿಯರ ಪಾಲಿಗೆ ಇವೆರಡೂ ಒದಗಿಬಂದಾವು? ದೆಹಲಿಯಲ್ಲಿ ಕುತುಬ್ ಮಿನಾರಿನ ಸಮೀಪ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರವು ಸಾರ್ವಜನಿಕರಿಗಾಗಿಯೇ ಗಾಲ್ಫ್ ಮೈದಾನ ನಡೆಸುತ್ತಿದೆ. ಅಂಥವು ದೇಶದಲ್ಲಿ ಬೆರಳೆಣಿಕೆಯಷ್ಟು.

ಹಾಗಾದರೆ ಕಲಬುರಗಿಗೂ ಒಂದು ಗಾಲ್ಫ್ ಮೈದಾನ ಬೇಕು ಎಂದು ನಾನು ಕೇಳುತ್ತಿದ್ದೇನೆಯೇ? ಇಲ್ಲ. 2019ರಲ್ಲಿ ವಿಮಾನ ನಿಲ್ದಾಣ ತೆರೆದಾಗ ಗೆಳೆಯರೊಬ್ಬರು ಉತ್ಸಾಹದಿಂದ, ‘ಇನ್ನು ಗಾಲ್ಫ್ ಕೋರ್ಸ್ ಒಂದೇ ಬಾಕಿ’ ಎಂದಿದ್ದರು. ಬಾಕಿ ಇರಲಿ ಎಂದೆ. ಹದಿನೆಂಟು ಕುಳಿಗಳ ಪೂರ್ಣ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ನೆಲ ಬೇಕು, ವರ್ಷವಿಡೀ ನೀರು ಬೇಕು. ವಿಚಿತ್ರವೆಂದರೆ ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸ್ಯಾನ್‌ಫ್ರಾನ್ಸಿಸ್ಕೋಗಿಂತ ಕಡಿಮೆಯಲ್ಲ, ಹೆಚ್ಚೇ ಇದೆ. ಆದರೆ ಅಲ್ಲಿ ಬೇಸಿಗೆಯೆಂದರೆ ಮಂಜು. ಇಲ್ಲಿ ಬೇಸಿಗೆಯೆಂದರೆ 42, 43 ಡಿಗ್ರಿಯ ಬಿಸಿಲು. ಬಿದ್ದ ಮಳೆಯನ್ನು ಆ ಬಿಸಿಲು ಕುಡಿದುಬಿಡುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋ ಕೂಡ ಕುಡಿಯುವ ನೀರನ್ನು 250 ಕಿಲೋಮೀಟರಿಗೂ ದೂರದ ಬೆಟ್ಟದ ಕಣಿವೆಯೊಂದನ್ನು ಮುಳುಗಿಸಿ ತಂದುಕೊಂಡ ನಗರ. ಈಗ ಅದು ಉದ್ಯಾನಗಳಿಗೆ ಬಳಸಿದ ನೀರನ್ನೇ ಶುದ್ಧೀಕರಿಸಿ ಹಾಯಿಸುವ ಯೋಜನೆಯನ್ನು ಕೈಗೊಂಡಿದೆ. ಬೇಸಿಗೆಯಲ್ಲಿ ಮನೆಗೆ ನೀರು ಯಾವ ದಿನ ಬರುತ್ತದೆಂದು ಕಾಯುವ ಬಡಾವಣೆಗಳಿರುವ ಊರಿನಲ್ಲಿ ಹುಲ್ಲಿಗೆ ನೀರು ಹಾಯಿಸಿರಿ ಎನ್ನುವುದು ಅಪರಾಧವಾದೀತು.

ನಾನು ಕೇಳುತ್ತಿರುವುದು ಹುಲ್ಲನ್ನಲ್ಲ, ಆ ಬಸ್ಸಿನ ಹಿರಿಯರ ಧ್ವನಿಯಲ್ಲಿದ್ದ ನೆಮ್ಮದಿಯನ್ನು.

ಅದು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿ ನಮ್ಮೂರಿನ ಗುಡ್ಡ ಯಾರದೆಂದು ಕೇಳಿದರೆ ‘ಊರದು’ ಎಂಬುದೊಂದೇ ಉತ್ತರ. ಬೆಳಿಗ್ಗೆ ದನ ಆಡು ಏರುತ್ತಿದ್ದವು, ಸಂಜೆ ಇಳಿಯುತ್ತಿದ್ದವು. ನಡುವಿನ ಹೊತ್ತು ನಮ್ಮದು. ಚಿಣಿಫಣಿ, ಲಗೋರಿ, ಕಬಡ್ಡಿ. ಚಿಣಿಯನ್ನು ಇಳಿಜಾರಿಗೆ ಹೊಡೆದವನಿಗೆ ಹೆಚ್ಚು ಅಳತೆ ಸಿಗುತ್ತದೆಂದು ಪಾಳಿಯ ಮೇಲೆ ದಿಕ್ಕು ಬದಲಿಸುವ ನಿಯಮವನ್ನೂ ಮಾಡಿಕೊಂಡಿದ್ದೆವು. 1972ರ ಬರದಲ್ಲಿ ಹೊಲಗಳು ಬತ್ತಿದಾಗ ಊರಿನ ಅಳಿದುಳಿದ ದನಗಳ ಬಾಯಿಗೆ ಒಂದಿಷ್ಟು ಒಣಹುಲ್ಲು ಸಿಕ್ಕಿದ್ದು ಆ ಗುಡ್ಡದಲ್ಲೇ. ಅದು ಯಾರೂ ಕಟ್ಟಿಸದ ಉದ್ಯಾನ. ಮುಂಗಾರಿನ ಮೊದಲ ಮಳೆಗೆ ಹಸಿರಾಗಿ, ದೀಪಾವಳಿಯ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುವ ಆ ಇಳಿಜಾರಿಗೆ ಯಾರೂ ನೀರು ಹಾಯಿಸಿದ್ದಿಲ್ಲ.

ಕಳೆದ ವರ್ಷ ಅಳತೆಯವರು ಬಂದು ಗುಡ್ಡದ ಅಂಚಿಗೆ ಕಲ್ಲು ನೆಟ್ಟು ಹೋದರಂತೆ. ಏತಕ್ಕೆಂದು ಊರಿನಲ್ಲಿ ಯಾರಿಗೂ ಖಚಿತವಿಲ್ಲ. ಸೌರ ವಿದ್ಯುತ್ತಿಗೆ ಎನ್ನುತ್ತಾರೆ ಒಬ್ಬರು. ಬಡಾವಣೆಗೆ ಎನ್ನುತ್ತಾರೆ ಇನ್ನೊಬ್ಬರು. ಯಾವುದೂ ಆಗಲಿಕ್ಕಿಲ್ಲ, ಎಲ್ಲವೂ ಆಗಬಹುದು. ನನ್ನನ್ನು ಕಾಡಿದ್ದು ಊರಿನವರ ನಿರ್ಲಿಪ್ತತೆ. ‘ಸರ್ಕಾರದ್ದು ಸರ್ಕಾರ ತಗೊಂತದ, ನಮಗೇನ್ರೀ’ ಎಂದ ನನ್ನ ತಮ್ಮ. ಐವತ್ತು ವರ್ಷಗಳಲ್ಲಿ ‘ಊರದು’ ಎಂಬ ಮಾತು ‘ಸರ್ಕಾರದ್ದು’ ಎಂಬ ಮಾತಾಗಿ ಬದಲಾಗಿದೆ. ಬೇಲಿಗಿಂತ ಮೊದಲು ಬರುವುದು ಈ ಬದಲಾವಣೆ. ಇದು ಮನಸ್ಸಿನಲ್ಲಿ ಆದ ಮೇಲೆ ಬೇಲಿಗೆ ಯಾರೂ ಅಡ್ಡ ಬರುವುದಿಲ್ಲ.

ಕಾನೂನು ನಾವು ತಿಳಿದಷ್ಟು ಬಡವಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮು ಸರ್ಕಾರಿ ಜಮೀನನ್ನು ಉಚಿತ ಗೋಮಾಳಕ್ಕಾಗಲಿ, ಸ್ಮಶಾನಕ್ಕಾಗಲಿ, ಇತರ ಸಾರ್ವಜನಿಕ ಉದ್ದೇಶಕ್ಕಾಗಲಿ ಕಾದಿರಿಸಲು ಅವಕಾಶ ಕೊಡುತ್ತದೆ. ಹಾಗೆ ಕಾದಿರಿಸಿದ್ದನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಉಪಯೋಗಕ್ಕೆ ತರುವಂತಿಲ್ಲ. ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ನಿಯಮಗಳು ಹೇಳುತ್ತವೆ. ಗ್ರಾಮಗಳ ಸಾಮುದಾಯಿಕ ಜಮೀನನ್ನು ಒತ್ತುವರಿಯಿಂದ ಬಿಡಿಸಿ ಊರ ಬಳಕೆಗೆ ಮರಳಿಸುವ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಆದರೆ ಗೋಮಾಳದ ಲೆಕ್ಕ ಜಾನುವಾರುಗಳ ತಲೆ ಎಣಿಕೆಯ ಮೇಲೆ ನಿಂತಿದೆ. ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದಂತೆ ಗೋಮಾಳದ ಅಗತ್ಯವೂ ಕಾಗದದ ಮೇಲೆ ಕಡಿಮೆಯಾಗುತ್ತದೆ. ಉಳಿದದ್ದು ‘ಹೆಚ್ಚುವರಿ’ ಎನಿಸುತ್ತದೆ. ಅದೇ ಗುಡ್ಡದ ಮೇಲೆ ಆಡುವ ಮಕ್ಕಳನ್ನು, ನಡೆಯುವ ಮುದುಕರನ್ನು ಯಾವ ಪಹಣಿಯೂ ಎಣಿಸುವುದಿಲ್ಲ.

ಆದ್ದರಿಂದ ನನ್ನ ಸಲಹೆ ತೀರ ಚಿಕ್ಕದು. ‘ಇತರ ಸಾರ್ವಜನಿಕ ಉದ್ದೇಶ’ ಎಂಬ ಮಾತಿನಲ್ಲಿ ಆಟವೂ ನಡಿಗೆಯೂ ಸೇರಲಿ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಸೀಮೆಯಲ್ಲಿ ಒಂದು ಗುಡ್ಡವನ್ನೋ ಬಯಲನ್ನೋ ಮೇವು, ಆಟ, ಓಡಾಟಕ್ಕೆಂದು ಕಾದಿರಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳಿಸಲಿ. ಅದಕ್ಕೆ ಅನುದಾನ ಬೇಡ, ಕಾಂಕ್ರೀಟು ಬೇಡ, ಕಮಾನು ಬೇಡ. ಒಂದು ಸಾಲು ಬರಹ ಸಾಕು. ಸೇಂಟ್ ಆಂಡ್ರೂಸಿನವರಿಗೂ ನಮಗೂ ಇರುವ ವ್ಯತ್ಯಾಸ ಆ ಒಂದು ಸಾಲಿನದು.

ನಗರಕ್ಕೂ ಇದೇ ಮಾತು ಸಲ್ಲುತ್ತದೆ. ಕಲಬುರಗಿಯಲ್ಲಿ ಸಾರ್ವಜನಿಕ ಉದ್ಯಾನವಿದೆ, ಅಪ್ಪನ ಕೆರೆಯ ದಂಡೆಯಿದೆ, ಕೋಟೆಯ ಸುತ್ತಿನ ಬಯಲಿದೆ. ಬೆಳಿಗ್ಗೆ ನಡೆಯಲು ಬರುವ ನಮ್ಮಂಥವರು ಅಲ್ಲಿ ಧಾರಾಳವಾಗಿದ್ದೇವೆ. ಆದರೆ ನಮ್ಮ ಉದ್ಯಾನಗಳ ಕಲ್ಪನೆಯೇ ಆಟಕ್ಕೆ ವಿರುದ್ಧವಾದದ್ದು. ಹುಲ್ಲಿನ ಮೇಲೆ ನಡೆಯಬಾರದು, ಚೆಂಡು ತರಬಾರದು, ಹೂ ಮುಟ್ಟಬಾರದು ಎಂಬ ಫಲಕಗಳನ್ನು ಓದುತ್ತ ಬೆಳೆದ ಮಗು ಅದನ್ನು ತನ್ನ ಹಿತ್ತಿಲೆಂದು ತಿಳಿಯುವುದಾದರೂ ಹೇಗೆ? ಹೊಸ ಬಡಾವಣೆಗಳ ನಕ್ಷೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಳಿದ ಚೌಕಗಳು ಕಾಣುತ್ತವೆ. ಅವುಗಳಲ್ಲಿ ಅರ್ಧವನ್ನಾದರೂ ಹೂವಿನ ಮಡಿಯಿಂದ ಬಿಡಿಸಿ ಬರಿಯ ಬಯಲಾಗಿ ಬಿಟ್ಟರೆ ಮಕ್ಕಳು ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಾರೆ.

ಇದಕ್ಕೆ ಆಕ್ಷೇಪಗಳಿರುವುದನ್ನು ಬಲ್ಲೆ. ಭೂಮಿಯಿಲ್ಲದವರಿಗೆ ನಿವೇಶನ ಬೇಡವೇ, ಶಾಲೆಗೆ, ಆಸ್ಪತ್ರೆಗೆ ಜಾಗ ಬೇಡವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಸೂರಿಗೆ ಬೇಕಾದರೆ ಗುಡ್ಡದ ಒಂದು ಮಗ್ಗುಲನ್ನು ಕೊಡಲಿ. ಊರು ಕೂತು ನಿರ್ಧರಿಸಲಿ. ಆದರೆ ಬಡವರ ಹೆಸರಿನಲ್ಲಿ ಅಳತೆಯಾದ ಜಮೀನು ಕೊನೆಗೆ ಬಡವರಿಗೇ ಸಿಕ್ಕಿತೇ ಎಂಬುದನ್ನೂ ಕೇಳೋಣ. ಲಿಂಕನ್ ಪಾರ್ಕಿನ ಒಂಟಿ ಕಮಾನು ಕೇಳುವ ಪ್ರಶ್ನೆಯೂ ಅದೇ. ಸಾಮುದಾಯಿಕ ನೆಲವೇ ಬಡವನ ಪಾಲಿನ ಅತಿ ದೊಡ್ಡ ಆಸ್ತಿ. ಉಳ್ಳವನಿಗೆ ತನ್ನದೇ ಅಂಗಳವಿರುತ್ತದೆ, ಕ್ಲಬ್ಬಿರುತ್ತದೆ, ಗೋಡೆಯಿರುತ್ತದೆ. ಇಲ್ಲದವನಿಗೆ ಇರುವುದು ಊರ ಗುಡ್ಡ.

ಎಳ್ಳಮಾವಾಸ್ಯೆಯ ಆ ಮಧ್ಯಾಹ್ನ ನಾವು ಗುಡ್ಡದ ಮೇಲೆ ಮೂರು ಕುಳಿಗಳ ಮೈದಾನ ಮಾಡಿದೆವು. ಹುಡುಗರು ಕುಡಗೋಲಿನ ತುದಿಯಿಂದ ಮೂರು ಬಿಲ ತೋಡಿ, ಸುತ್ತಲಿನ ಕಲ್ಲು ಆಯ್ದು, ಅಂಗೈಯಿಂದ ಕೆಂಪು ಮಣ್ಣು ಸವರಿ ನುಣುಪು ಮಾಡಿದರು. ನೀರಿನ ಅಭಾವವಿರುವ ಕಡೆ ಹುಲ್ಲಿನ ಗ್ರೀನ್ ಬದಲಿಗೆ ಎಣ್ಣೆ ಬೆರೆಸಿದ ಮರಳನ್ನು ಹಾಸಿ ‘ಬ್ರೌನ್’ ಎಂದು ಕರೆಯುವ ಮೈದಾನಗಳು ಜಗತ್ತಿನಲ್ಲಿವೆ. ನಮ್ಮದು ‘ರೆಡ್’ ಎಂದಾಗಲಿ ಎಂದೆ. ಅವರಿಗೆ ನಗು ಬರಲಿಲ್ಲ, ಆಟ ಶುರು ಮಾಡುವ ಅವಸರವಿತ್ತು. ಇದ್ದ ಒಂದೇ ಕೋಲು ಎಂಟು ಕೈ ತಿರುಗಿತು. ಮೂರನೆಯ ಕುಳಿ ದಿಬ್ಬದ ಆಚೆಯ ಇಳಿಜಾರಿನಲ್ಲಿತ್ತು. ನಾನು ಆರು ಹೊಡೆತ ತೆಗೆದುಕೊಂಡೆ. ಚಿಣಿಫಣಿ ಎಂದು ತೀರ್ಮಾನ ಕೊಟ್ಟ ಹುಡುಗ ಬರಿಗಾಲಿನಲ್ಲಿ ಇಳಿಜಾರಿಗೆ ಮೈ ಬಾಗಿಸಿ ನಿಂತು ನಾಲ್ಕರಲ್ಲಿ ಮುಗಿಸಿದ. ಹೇಗೆ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಚೆಂಡು ಹೊಸದಾಗಿ ನೆಟ್ಟ ಅಳತೆಯ ಕಲ್ಲಿಗೆ ತಗುಲಿ ಎಲ್ಲಿಗೋ ಸಿಡಿಯಿತು. ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ‘ನಾಳಿ ಆಡು ಬಿಡೋವಾಗ ನೋಡ್ತೀವಿ ಮುತ್ಯಾ, ಎಲ್ಲಿಗಿ ಹೋಗ್ತದ, ನಮ್ ಗುಡ್ಡದಾಗೇ ಇರ್ತದ’ ಎಂದ ಅದೇ ಹುಡುಗ.

ನಮ್ಮ ಗುಡ್ಡ ಎಂದ. ನನ್ನ ತಮ್ಮ ಮರೆತದ್ದನ್ನು ಅವನಿನ್ನೂ ಮರೆತಿಲ್ಲ. ಕೋಲನ್ನು ಅವನ ಬಳಿಯೇ ಬಿಟ್ಟು ಬಂದೆ. ಮುಂದಿನ ಎಳ್ಳಮಾವಾಸ್ಯೆಗೆ ಹೋದಾಗ ಕೋಲಂತೂ ಅವನ ಕೈಯಲ್ಲಿ ಇರುತ್ತದೆ. ಗುಡ್ಡ ಇರುತ್ತದೆಯೇ ಎಂಬುದು ಅವನೊಬ್ಬನ ಕೈಯಲ್ಲಿಲ್ಲ.